ಮಗಳಿಗೊಂದು ಪತ್ರ: ಕ್ರೇಟಿನೊಳಗಿನ ಒಂಬತ್ತು ಗಂಟೆ

ಪ್ರೀತಿಯ ಮಗಳೇ,

ಎರಡು ತಿಂಗಳ ನಾಯಿಮರಿಯನ್ನು ಮನೆಗೆ ತಂದು ಹತ್ತು ದಿನವಾಯಿತೆಂದೂ, ಬೆಳಿಗ್ಗೆ ನೀವಿಬ್ಬರೂ ಕೆಲಸಕ್ಕೆ ಹೊರಡುವಾಗ ಅದನ್ನು ಕ್ರೇಟಿನಲ್ಲಿ, ಅಂದರೆ ನಾಯಿ ಮಲಗುವ ಆ ಸರಳಿನ ಗೂಡಿನಲ್ಲಿ, ಬಿಟ್ಟು ಬಾಗಿಲು ಹಾಕುತ್ತೀರೆಂದೂ, ಸಂಜೆ ಬಂದು ನೋಡಿದರೆ ಅದು ತನ್ನದೇ ಮೂತ್ರದಲ್ಲಿ ತೊಯ್ದು ಮಲಗಿರುತ್ತದೆಂದೂ ಬರೆದಿದ್ದೀಯೆ. ‘ಎಷ್ಟು ಹೇಳಿಕೊಟ್ಟರೂ ಕಲಿಯುತ್ತಿಲ್ಲ’ ಎಂಬ ಮಾತನ್ನು ಓದಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಮರಿಯಲ್ಲಿ ತಪ್ಪಿಲ್ಲ, ಮಗಳೇ. ಅದರ ದೇಹಕ್ಕೆ ಇನ್ನೂ ಸಾಧ್ಯವಾಗದ ಕೆಲಸವನ್ನು ನಾವು ಅದರಿಂದ ನಿರೀಕ್ಷಿಸುತ್ತಿದ್ದೇವೆ.

ಎರಡು ತಿಂಗಳ ಮರಿಯ ಮೂತ್ರಕೋಶ ಬಹಳ ಚಿಕ್ಕದು. ಅದನ್ನು ಬಿಗಿಹಿಡಿಯುವ ಸ್ನಾಯುಗಳ ಮೇಲೆ ಮರಿಗೆ ಇನ್ನೂ ಪೂರ್ತಿ ಹತೋಟಿ ಬಂದಿರುವುದಿಲ್ಲ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆ ಅದು ಹಗಲಿನಲ್ಲಿ ತಡೆದುಕೊಳ್ಳಬಲ್ಲದು ಎಂದು ನಾಯಿ ಸಾಕುವವರು ಅಂದಾಜು ಕಟ್ಟುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ ಮರಿಗೆ 3 ಗಂಟೆ. ಅದೂ ಹೆಚ್ಚೆಂದರೆ, ಎಚ್ಚರವಾಗಿ ಆಡುತ್ತಿರುವಾಗ ಅರ್ಧ ಗಂಟೆಗೊಮ್ಮೆ ಹೋದರೂ ಆಶ್ಚರ್ಯವಿಲ್ಲ. ರಾತ್ರಿ ನಿದ್ದೆಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ತಡೆಯುವುದನ್ನು ಕಂಡು, ಹಗಲಿನಲ್ಲಿಯೂ ಆದೀತೆಂದು ನೀವು ಎಣಿಸಿರಬಹುದು. ಎಚ್ಚರದ ಹೊತ್ತಿಗೆ ಆ ಲೆಕ್ಕ ಒಪ್ಪುವುದಿಲ್ಲ. ನೀವು ಹೊರಗಿರುವ ಒಂಬತ್ತು ಗಂಟೆಯಂತೂ ಅದಕ್ಕೆ ಯಾವ ರೀತಿಯಲ್ಲೂ ಸಾಧ್ಯವಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುತ್ತಿರುವುದು ಒದ್ದೆಯಾಗುವ ಹಾಸಿಗೆಯಲ್ಲ. ಮರಿಗಳು ಹುಟ್ಟಿದ ಮೊದಲ ಎರಡು ಮೂರು ವಾರ ತಾಯಿಯೇ ಅವುಗಳನ್ನು ನೆಕ್ಕಿ ಮಲಮೂತ್ರ ಮಾಡಿಸಿ ಗೂಡನ್ನು ಶುಚಿಯಾಗಿಡುತ್ತದೆ. ಕಾಲು ಬಲಿತು ನಡೆಯಲು ಕಲಿತೊಡನೆ ಅವು ತಾವಾಗಿಯೇ ಮಲಗುವ ಜಾಗ ಬಿಟ್ಟು ದೂರ ಹೋಗಿ ಮಾಡಲು ತೊಡಗುತ್ತವೆ. ಕ್ರೇಟಿನ ತರಬೇತಿ ನಿಂತಿರುವುದೇ ಈ ಸ್ವಭಾವದ ಮೇಲೆ. ಮಲಗುವ ಜಾಗವನ್ನು ಹೊಲಸು ಮಾಡಲು ಮರಿಗೆ ಮನಸ್ಸಿಲ್ಲದ ಕಾರಣ ಅದು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ನಾವು ಅಷ್ಟರೊಳಗೆ ಅದನ್ನು ಹೊರಗೆ ಕರೆದೊಯ್ಯುತ್ತೇವೆ. ಆದರೆ ದಿನವೂ ಬೇರೆ ದಾರಿಯಿಲ್ಲದೆ ಮಲಗಿದಲ್ಲಿಯೇ ಮಾಡಬೇಕಾಗಿ ಬಂದರೆ ಆ ಹೇಸಿಗೆ ಕ್ರಮೇಣ ಮರಿಯ ಮನಸ್ಸಿನಿಂದ ಹೋಗಿಬಿಡುತ್ತದೆ. ಇಕ್ಕಟ್ಟಾದ ಪಂಜರಗಳಲ್ಲೇ ಬೆಳೆದ ಮರಿಗಳಿಗೆ ಶುಚಿತ್ವ ಕಲಿಸುವುದು ಅಷ್ಟು ಕಷ್ಟವಾಗುವುದು ಇದರಿಂದಲೇ. ಆದ್ದರಿಂದ ನಾಳೆಯಿಂದಲೇ ಈ ಕ್ರಮವನ್ನು ನಿಲ್ಲಿಸು.

ಹಾಗೆಂದು ಕ್ರೇಟನ್ನು ಎತ್ತಿ ಅಟ್ಟಕ್ಕೆ ಹಾಕಬೇಡ. ನೀವಿಲ್ಲದ ಹೊತ್ತಿಗೆ ಒಂದು ಮೂಲೆಯಲ್ಲಿ ಮಡಚುವ ಬೇಲಿಯನ್ನು ನಿಲ್ಲಿಸಿ, ಅದರೊಳಗೆ ಒಂದು ತುದಿಗೆ ಬಾಗಿಲು ತೆರೆದ ಕ್ರೇಟನ್ನೂ, ನೀರಿನ ಬಟ್ಟಲನ್ನೂ ಇಟ್ಟು, ಇನ್ನೊಂದು ತುದಿಗೆ ಮೂತ್ರ ಹೀರುವ ಪ್ಯಾಡನ್ನು ಹಾಸು. ಮರಿ ಮಲಗುವ ಜಾಗ ಬಿಟ್ಟು ನಾಲ್ಕು ಹೆಜ್ಜೆ ನಡೆದು ಪ್ಯಾಡಿನ ಮೇಲೆ ಮಾಡಿದರೆ ಅದರ ಸ್ವಭಾವ ಕೆಡದೆ ಉಳಿಯುತ್ತದೆ. ಪ್ಯಾಡಿನ ಅಭ್ಯಾಸವಾದ ಮರಿಗೆ ಹೊರಗೆ ಹೋಗಿ ಮಾಡುವುದು ರೂಢಿಯಾಗಲು ಕೆಲವು ವಾರ ಹೆಚ್ಚು ಹಿಡಿಯಬಹುದು, ಆ ತಡ ನನಗೆ ದೊಡ್ಡದೆನಿಸುವುದಿಲ್ಲ. ಆದರೂ ಬೇಲಿ ಕಟ್ಟಿದ ಮಾತ್ರಕ್ಕೆ ಇಡೀ ದಿನ ಅದನ್ನು ಒಂಟಿಯಾಗಿ ಬಿಡಬಾರದು. ಈ ವಯಸ್ಸಿನ ಮರಿಗೆ ದಿನಕ್ಕೆ ಮೂರು ನಾಲ್ಕು ಬಾರಿ ಊಟವಾಗಬೇಕು; ಹಗಲಿನಲ್ಲಿ ಎರಡು ಬಾರಿಯಾದರೂ ಯಾರಾದರೂ ಬಂದು ಊಟ ಹಾಕಿ, ಹೊರಗೆ ಬಿಟ್ಟು, ಸ್ವಲ್ಪ ಆಡಿಸಿ ಹೋಗಬೇಕು. ನೀವು ಸರದಿಯ ಮೇಲೆ ಮಧ್ಯಾಹ್ನ ಬರುವಿರೋ, ನಂಬಿಕೆಯ ನೆರೆಯವರನ್ನು ಕೇಳುವಿರೋ, ಹಣ ಕೊಟ್ಟು ಯಾರನ್ನಾದರೂ ಗೊತ್ತುಮಾಡುವಿರೋ, ಅದನ್ನು ಇಬ್ಬರೂ ಕುಳಿತು ನಿರ್ಧರಿಸಿ.

ನೀವು ಮನೆಯಲ್ಲಿರುವಾಗಲೇ ಕ್ರೇಟಿನ ನಿಜವಾದ ಉಪಯೋಗ. ಮರಿ ನಿಲ್ಲುವಷ್ಟು, ಸುತ್ತ ತಿರುಗುವಷ್ಟು, ಕಾಲು ಚಾಚಿ ಮಲಗುವಷ್ಟು ಜಾಗ ಅದರಲ್ಲಿರಲಿ, ಅದಕ್ಕಿಂತ ಹೆಚ್ಚು ಬೇಡ; ತೀರಾ ವಿಶಾಲವಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಮಾಡಿಬಿಡುತ್ತದೆ. ಬೆಳೆದ ಮೇಲೂ ಸಾಲುವ ದೊಡ್ಡ ಕ್ರೇಟನ್ನೇ ಕೊಂಡಿದ್ದರೆ ನಡುವೆ ಅಡ್ಡ ತಡೆ ಹಾಕಿ ಈಗ ಜಾಗ ಕಡಿಮೆ ಮಾಡಿಕೊ. ಒಳಗೆ ಬಿಡುವಾಗ ಕೊರಳಪಟ್ಟಿಯನ್ನು ಬಿಚ್ಚಲು ಮರೆಯಬೇಡ, ಅದು ಸರಳಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಅದರ ಊಟವನ್ನು ಕ್ರೇಟಿನೊಳಗೇ ಇಡು. ಬಾಗಿಲನ್ನು ಮೊದಲು ಅದು ತಿನ್ನುವಷ್ಟು ಹೊತ್ತು ಮಾತ್ರ ಮುಚ್ಚು, ಆಮೇಲೆ ಐದು ನಿಮಿಷ, ಹತ್ತು ನಿಮಿಷ, ನೀನು ಎದುರಿಗೇ ಕುಳಿತಿರುವಾಗ; ಅದು ಹೆದರದೆ ಮಲಗಿದ ಮೇಲೆ ಇನ್ನೊಂದು ಕೋಣೆಗೆ ಹೋಗಿ ಬಾ. ತಪ್ಪು ಮಾಡಿತೆಂದು ಸಿಟ್ಟಿನಿಂದ ಅದನ್ನು ಒಳಗೆ ತಳ್ಳಿದ ದಿನ ಇದೆಲ್ಲವೂ ವ್ಯರ್ಥವಾಗುತ್ತದೆ.

ನಿದ್ದೆಯಿಂದ ಎದ್ದೊಡನೆ, ಆಟ ಮುಗಿದೊಡನೆ, ಊಟವಾದ ಅರ್ಧ ಗಂಟೆಯೊಳಗೆ ಅದನ್ನು ಹೊರಗೆ ಕರೆದೊಯ್ಯಬೇಕು. ಪ್ರತಿ ಸಲವೂ ಒಂದೇ ಬಾಗಿಲು, ಒಂದೇ ಜಾಗ; ಅಲ್ಲಿ ಉಳಿದಿರುವ ವಾಸನೆಯೇ ಅದಕ್ಕೆ ನೆನಪು ಮಾಡಿಕೊಡುತ್ತದೆ. ಲಸಿಕೆಗಳ ಸರಣಿ ಇನ್ನೂ ಮುಗಿದಿಲ್ಲವಾದ್ದರಿಂದ ಬೇರೆ ನಾಯಿಗಳು ಓಡಾಡದ ಜಾಗವನ್ನೇ ಆರಿಸಿಕೊ, ಮರಿಗಳ ಪ್ರಾಣಕ್ಕೆ ಕುತ್ತಾಗಬಲ್ಲ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಅದು ಮಾಡಿ ಮುಗಿಸಿದ ಕ್ಷಣದಲ್ಲಿ, ಅಲ್ಲಿಯೇ ನಿಂತು, ಹೊಗಳಿ ಒಂದು ತುಣುಕು ತಿನಿಸು ಕೊಡು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತೆಂದು ಅದು ತಿಳಿಯುತ್ತದೆ.

ನೀನು ಹುಟ್ಟುವ ಮೊದಲು ನಮ್ಮ ಮನೆಯಲ್ಲಿಯೂ ಒಂದು ಮರಿಯಿತ್ತು. ಅದು ಒಳಗೆ ಮೂತ್ರ ಮಾಡಿದಾಗಲೆಲ್ಲ ನಾನು ಗದರಿ, ಆಗ ಎಲ್ಲರೂ ಹೇಳುತ್ತಿದ್ದಂತೆ ಅದರ ಮೂಗನ್ನು ಆ ಜಾಗಕ್ಕೆ ಒತ್ತುತ್ತಿದ್ದೆ. ಕೆಲವೇ ದಿನಗಳಲ್ಲಿ ಅದು ನನ್ನೆದುರು ಮಾಡುವುದನ್ನು ಬಿಟ್ಟಿತು, ನಾನು ಗೆದ್ದೆನೆಂದುಕೊಂಡೆ. ಒಂದು ದಿನ ಮಂಚದ ಕೆಳಗೆ ಗುಡಿಸುವಾಗ ನಿನ್ನ ಅಮ್ಮನಿಗೆ ಎಲ್ಲವೂ ಕಂಡಿತು. ಮನೆಯೊಳಗೆ ಮಾಡಬಾರದೆಂದು ಅದು ಕಲಿತಿರಲಿಲ್ಲ, ಅಪ್ಪನ ಕಣ್ಣಿಗೆ ಬೀಳಬಾರದೆಂದು ಕಲಿತಿತ್ತು. ಆಮೇಲೆ ಹೊರಗೆ ಕರೆದೊಯ್ದರೂ ನಾನು ಪಕ್ಕದಲ್ಲಿದ್ದರೆ ಅದು ಮಾಡುತ್ತಿರಲಿಲ್ಲ. ಆ ಮರಿ ನನ್ನನ್ನು ನೋಡಿ ಕಿವಿ ಮಡಚುತ್ತಿದ್ದುದು ಇಂದಿಗೂ ನನ್ನ ಕಣ್ಣಮುಂದಿದೆ. ಸಂಜೆ ಬಂದು ಒದ್ದೆ ಹಾಸಿಗೆ ಕಂಡರೆ ಏನನ್ನೂ ಹೇಳದೆ ಒರೆಸು. ಗಂಟೆಗಳ ಹಿಂದೆ ನಡೆದುದಕ್ಕೂ ನಿನ್ನ ಈಗಿನ ಸಿಟ್ಟಿಗೂ ಅದು ಸಂಬಂಧ ಕಲ್ಪಿಸಲಾರದು. ಅಮೋನಿಯಾ ಇರುವ ದ್ರಾವಣಗಳು ಬೇಡ, ಅವುಗಳ ವಾಸನೆ ಮೂತ್ರದ ವಾಸನೆಯನ್ನೇ ಹೋಲುತ್ತದೆ. ಕಿಣ್ವಗಳಿರುವ ದ್ರಾವಣದಿಂದ ಒರೆಸಿದರೆ ಮರಿಯ ಮೂಗಿಗೂ ಗುರುತು ಉಳಿಯುವುದಿಲ್ಲ.

ಇಷ್ಟು ಮಾಡಿಯೂ ಅದು ಪದೇ ಪದೇ ಸ್ವಲ್ಪಸ್ವಲ್ಪವೇ ಮೂತ್ರ ಮಾಡುತ್ತಿದ್ದರೆ, ಅಥವಾ ಮಾಡುವಾಗ ತಿಣುಕುತ್ತಿದ್ದರೆ, ಮೂತ್ರನಾಳದ ಸೋಂಕಿರಬಹುದು. ಕೂಡಲೇ ಪಶುವೈದ್ಯರಿಗೆ ತೋರಿಸು. ನೀನು ಬಾಗಿ ಮುದ್ದಿಸುವಾಗ ನಾಲ್ಕು ಹನಿ ಜಾರಿದರೆ ಅದು ಬೇರೆಯ ವಿಷಯ. ಅದು ಮರಿಯ ಸಂಕೋಚ, ಬೆಳೆದಂತೆ ಹೆಚ್ಚಿನವುಗಳಲ್ಲಿ ಹೋಗಿಬಿಡುತ್ತದೆ.

ಒಂದು ಹಾಳೆಯನ್ನು ಬಾಗಿಲಿಗೆ ಅಂಟಿಸಿ, ಅದು ಯಾವಾಗ ತಿಂದಿತು, ಯಾವಾಗ ಮಾಡಿತು ಎಂದು ಇಬ್ಬರೂ ಗಂಟೆ ನಿಮಿಷ ಸಹಿತ ಬರೆಯಿರಿ. ಒಂದು ವಾರದೊಳಗೆ ಅದರ ವೇಳಾಪಟ್ಟಿ ನಿಮಗೆ ತಿಳಿಯುತ್ತದೆ. ಭಾನುವಾರ ಸಂಜೆ ನಾನು ಬಂದು ಎರಡು ವಾರ ಅಲ್ಲಿಯೇ ಇರುತ್ತೇನೆ. ಹಗಲಿನ ಪಾಳಿ ನನ್ನದು. ಅಷ್ಟರೊಳಗೆ ಮನೆಯ ಇನ್ನೊಂದು ಕೀಲಿ ಮಾಡಿಸಿಡು, ಬರುವವರೆಗೆ ಮಧ್ಯಾಹ್ನಕ್ಕೆ ಯಾರನ್ನಾದರೂ ಗೊತ್ತುಮಾಡಿಕೊ.

ಇಂತಿ ನಿನ್ನ ಪ್ರೀತಿಯ,
ಅಪ್ಪ