ನಾಲ್ಕನೇ ಹಾಡಿನ ಬಾಗಿಲು

ಪುಟ್ಟಿ,

ನಿನ್ನೆ ರಾತ್ರಿ ನಿನ್ನ ಆಲ್ಬಂ ಪೂರ್ತಿ ಕೇಳಿದೆ. 9 ಹಾಡು, 34 ನಿಮಿಷ. ನೀನು ಹೇಳಿದ ಹಾಗೇ ಲೈಟ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು, ಮಧ್ಯೆ ಎಲ್ಲೂ ನಿಲ್ಲಿಸದೆ. ಬೆಳಿಗ್ಗೆ ಫೋನಿನಲ್ಲಿ 'ಚೆನ್ನಾಗಿದೆ' ಅಂತಷ್ಟೇ ಅಂದೆ. ನಿನ್ನ ದನಿ ಸಪ್ಪೆಯಾಗಿದ್ದು ಗೊತ್ತಾಯಿತು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಜ ಹೇಳಲಾ? ಮೊದಲ ಸಲ ನಾನು ಹಾಡು ಕೇಳಲೇ ಇಲ್ಲ. ತನಿಖೆ ಮಾಡುತ್ತಿದ್ದೆ. ಇವಳನ್ನು ಯಾರು ಇಷ್ಟು ನೋಯಿಸಿದರು, ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ, ಈ ಸಾಲಿನಲ್ಲಿರುವುದು ನಾನೇನಾ, ಅಂತ. ಎರಡನೇ ಸಲ ಕೇಳುವಾಗ ನನ್ನ ಮೇಲೇ ನಗು ಬಂತು. ನಿಜವಾಗಿ ಅಳುತ್ತಾ ಕೂತವರಿಗೆ ಪ್ರಾಸ ಹುಡುಕುವ ತಾಳ್ಮೆ ಎಲ್ಲಿರುತ್ತದೆ? ಮೈಕನ್ನು ಎರಡು ಇಂಚು ಸರಿಸಿ ಅದೇ ಸಾಲನ್ನು ಮತ್ತೆ ಹಾಡಿದವಳು ಆ ಹೊತ್ತಿಗೆ ಕೆಲಸದಲ್ಲಿ ಮುಳುಗಿದ್ದಳು. ಬಹುಶಃ ಖುಷಿಯಾಗಿಯೇ ಇದ್ದಳು, ಅಲ್ವಾ?

ನೀನು ಆ ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್ ಹೆಸರು ಹೇಳಿದಾಗಲೆಲ್ಲ ನನಗೆ ದಿಗಿಲು. 1974ರಲ್ಲಿ, ಬರೀ 26 ವರ್ಷಕ್ಕೆ ಹೋಗಿಬಿಟ್ಟ ಹುಡುಗ. ಬದುಕಿದ್ದಾಗ ಅವನ ಮೂರು ಆಲ್ಬಮ್ಮುಗಳನ್ನು ಕೊಂಡವರೇ ಕಡಿಮೆ. ಅಪ್ಪ ಆದವನಿಗೆ ಅದಷ್ಟೇ ಕಾಣಿಸುತ್ತದೆ, ಏನು ಮಾಡಲಿ. ಆದರೆ ಅವನ ಬಗ್ಗೆ ಓದುವಾಗ ಇನ್ನೊಂದು ವಿಷಯ ಸಿಕ್ಕಿತು. ಮೊದಲೆರಡು ಆಲ್ಬಮ್ಮಿಗೆ ಪಿಟೀಲು, ಡ್ರಮ್ಸ್ ಎಲ್ಲ ಇದ್ದವು. ಮೂರನೆಯದನ್ನು 1971ರ ಅಕ್ಟೋಬರ್‌ನಲ್ಲಿ ಎರಡು ರಾತ್ರಿಯಲ್ಲಿ ಮುಗಿಸಿದ. ಗಿಟಾರು, ದನಿ, ಒಂದೇ ಒಂದು ಹಾಡಿನಲ್ಲಿ ಚೂರು ಪಿಯಾನೊ. ಎಲ್ಲ ಕಳಚಿಟ್ಟು ಅವನು ಹೋಗಿ ಕೂತ ಜಾಗದಲ್ಲಿ ನೀನು ಮೊದಲ ಆಲ್ಬಮ್ಮಿಗೇ ಕೂತಿದ್ದೀಯ. ಬ್ಯಾಂಡ್ ಬಿಟ್ಟೆ ಅಂದಾಗ ನಾನು ಜಗಳ ಆಡಿದ್ದೆ. ಆ ಮಾತು ವಾಪಸ್ ತಗೊಳ್ಳುತ್ತೇನೆ.

ಮೂರನೇ ಹಾಡಿನಲ್ಲಿ ದಪ್ಪ ತಂತಿಯ ಮೇಲೆ ನಿನ್ನ ಎಡಗೈ ಬೆರಳು ಜಾರಿದಾಗ ಕುಂಯ್ ಅನ್ನುತ್ತದಲ್ಲ, ಅದನ್ನು ತೆಗೆಯದೆ ಬಿಟ್ಟಿದ್ದು ಒಳ್ಳೆಯದಾಯಿತು. ಗಿಟಾರಿನ ತೂತಿನ ಎದುರಿಗೇ ಮೈಕ್ ಇಟ್ಟರೆ ಗುಂಯ್ ಅನ್ನುತ್ತದೆ, ಕತ್ತಿನ ಮೇಲಿನ 12ನೇ ಲೋಹದ ಪಟ್ಟಿ, ಅಂದರೆ 12ನೇ ಫ್ರೆಟ್ ಹತ್ತಿರ ಇಟ್ಟರೆ ಬೆರಳಿನ ಕೆಲಸ ಕೇಳುತ್ತದೆ ಅಂತ ನೀನೇ ಹೇಳಿಕೊಟ್ಟಿದ್ದೆ. ಈಗ ಅರ್ಥವಾಯಿತು. ಸಾಲು ಶುರುವಾಗುವ ಮೊದಲು ನೀನು ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ. ಸುಳ್ಳು ಹೇಳುವ ಮುಂಚೆ ಚಿಕ್ಕವಳಿದ್ದಾಗ ಹಾಗೇ ಉಸಿರು ಎಳೆಯುತ್ತಿದ್ದೆ!

ಏಳನೇ ಹಾಡು ನನಗೆ ಹಿಡಿಸಲಿಲ್ಲ. ರಿವರ್ಬ್ ಜಾಸ್ತಿಯಾಗಿ ಬಾವಿಯೊಳಗಿಂದ ಹಾಡಿದ ಹಾಗಿದೆ, ಪದವೇ ತಿಳಿಯುವುದಿಲ್ಲ. ಆ ಚೆಲ್ಲೋ ಬೇರೆ. ಹಾಡು ಅಳುವುದಕ್ಕೆ ಮೊದಲೇ ಅದು ಅತ್ತುಬಿಡುತ್ತದೆ. ಉಳಿದ ಹಾಡುಗಳಲ್ಲಿ ನಿನಗಿದ್ದ ಧೈರ್ಯ ಅಲ್ಲಿ ಯಾಕೆ ಹೋಯಿತು?

ಇನ್ನು ನಾಲ್ಕನೆಯದು. ಕೊನೆಯ ತಂತಿಯ ಸದ್ದು ಕರಗುವಾಗ ದೂರದಲ್ಲಿ ಬಾಗಿಲು ಕಿರ್ ಅನ್ನುತ್ತದೆ. ಮೂರು ಸಲ ಹಿಂದಕ್ಕೆ ಎಳೆದು ಕೇಳಿದೆ. ಅದು ನಮ್ಮ ಹಿಂದಿನ ರೂಮಿನ ಬಾಗಿಲು. ಸ್ಟುಡಿಯೋದಲ್ಲಿ ಮತ್ತೆ ಹಾಡದೆ ಫೋನಿನಲ್ಲಿ ಹಿಡಿದದ್ದನ್ನೇ ಇಟ್ಟಿದ್ದೀಯ. ಅವತ್ತು ಬಾಗಿಲು ತೆಗೆದವನು ನಾನು. 'ಇನ್ನೂ ಮಲಗಿಲ್ವಾ?' ಅಂತ ಗದರಿದ್ದೆ, ನೀನು ಏನೂ ಮಾತಾಡದೆ ಗಿಟಾರ್ ಕೆಳಗಿಟ್ಟೆ. ಆಲ್ಬಮ್ಮಿನಲ್ಲಿ ಬಾಗಿಲು ಇದೆ, ನನ್ನ ಗದರಿಕೆ ಇಲ್ಲ. ಕತ್ತರಿಸಿದ್ದಕ್ಕೆ ಥ್ಯಾಂಕ್ಸ್.

ಆ ಪೂರ್ತಿ ರೆಕಾರ್ಡಿಂಗ್ ಇನ್ನೂ ಫೋನಿನಲ್ಲಿದ್ದರೆ ನನಗೊಂದು ಕಳಿಸು. ನಾನು ಒಳಗೆ ಬರದಿದ್ದರೆ ಇನ್ನೊಂದು ಚರಣ ಇತ್ತಾ, ಅದನ್ನೂ ಹೇಳು.

ಅಪ್ಪ