ಲಸಿಕೆಯ ಮಾತಿಗೆ ಮೊದಲು ಬಯಾಪ್ಸಿ ತುಣುಕು ಉಳಿಸಿ

ಮಾನ್ಯರೇ,

‘ಕ್ಯಾನ್ಸರ್‌ಗೆ ಲಸಿಕೆ’ ಎಂದು ಸುದ್ದಿ ಬಂದಾಗಲೆಲ್ಲ ನಮ್ಮ ಲ್ಯಾಬ್ ಕೌಂಟರಿಗೆ ರೋಗಿಗಳ ಕಡೆಯವರು ಬಂದು, ‘ಸರ್, ಆ ಇಂಜೆಕ್ಷನ್ ಎಲ್ಲಿ ಸಿಗುತ್ತೆ?’ ಎಂದು ಕೇಳುತ್ತಾರೆ. ಪೋಲಿಯೊ ಹನಿಯ ಹಾಗೆ ಇದು ರೋಗ ತಡೆಯುವುದಲ್ಲ. ಶ್ವಾಸಕೋಶದ ಕ್ಯಾನ್ಸರ್ ಬಂದ ಮೇಲೆ ಆ ಒಬ್ಬ ರೋಗಿಗೆಂದೇ ಮಾಡುವುದು, ಅದೂ ಇನ್ನೂ ಪ್ರಯೋಗದಲ್ಲಿದೆ.

ಗಡ್ಡೆಯ ಡಿಎನ್‌ಎಯನ್ನು ರಕ್ತದ ಡಿಎನ್‌ಎ ಜೊತೆ ಹೋಲಿಸಿ, ಗಡ್ಡೆಯಲ್ಲಿ ಮಾತ್ರ ಬದಲಾದ ಜಾಗ ಹುಡುಕುತ್ತಾರೆ. ರೋಗಿಯ ಎಚ್‌ಎಲ್‌ಎಗೆ, ಅಂದರೆ ಇಂಥ ತುಂಡುಗಳನ್ನು ರೋಗನಿರೋಧಕ ಕೋಶಗಳಿಗೆ ಎತ್ತಿ ತೋರಿಸುವ ಪ್ರೋಟೀನಿಗೆ, ಹೊಂದುವಂಥವನ್ನು ಆರಿಸಿ ಪೆಪ್ಟೈಡ್, ಅಂದರೆ ಪ್ರೋಟೀನಿನ ಚಿಕ್ಕ ತುಂಡು, ತಯಾರಿಸುತ್ತಾರೆ. ಅದೇ ಲಸಿಕೆ. ಎಲ್ಲರಿಗೂ ಒಂದೇ ಗುರಿ ಇಟ್ಟ ಮೇಜ್-ಎ3 (MAGE-A3) ಎಂಬ ಲಸಿಕೆ 2 ಸಾವಿರಕ್ಕೂ ಜಾಸ್ತಿ ರೋಗಿಗಳ ಪ್ರಯೋಗದಲ್ಲಿ 2014ರಲ್ಲಿ ಸೋತಿತ್ತು. ಹಾಗಾಗಿ ಒಬ್ಬೊಬ್ಬರಿಗೆ ಬೇರೆ ಬೇರೆ ಅನ್ನುವುದು ನನಗೂ ಸರಿ ಅನಿಸುತ್ತದೆ. 2022ರಲ್ಲಿ ಪ್ರಕಟವಾದ ನಿಯೋ-ಪಿವಿ-01 ಎಂಬ ಇಂಥ ಲಸಿಕೆಯ ಪ್ರಯೋಗದಲ್ಲಿ ಒಬ್ಬರಿಗೆ 20ರವರೆಗೆ ಪೆಪ್ಟೈಡ್ ಇದ್ದವು. ಲಸಿಕೆ ಶುರುವಾಗಿದ್ದು 12ನೇ ವಾರಕ್ಕೆ. ಅಲ್ಲಿವರೆಗೆ ಕೀಮೊ ಮತ್ತು ಪೆಂಬ್ರೊಲಿಜುಮ್ಯಾಬ್, ಅಂದರೆ ರೋಗನಿರೋಧಕ ಕೋಶಗಳ ತಡೆ ಬಿಡಿಸುವ ಔಷಧಿ. ಲಸಿಕೆ ಕೊಡದ ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿಲ್ಲ, ಆದ್ದರಿಂದ ಇದರಿಂದಲೇ ಆಯಸ್ಸು ಹೆಚ್ಚಿತು ಅನ್ನುವಂತಿಲ್ಲ.

ಇಷ್ಟಕ್ಕೆಲ್ಲ ಮೂಲ ನನ್ನ ಮೇಜಿಗೆ ಬರುವ ಬಯಾಪ್ಸಿ ತುಣುಕು, ಅಂದರೆ ಗಡ್ಡೆಯಿಂದ ತೆಗೆದ ಚೂರು. ಸಿಟಿ ನೋಡಿಕೊಂಡು ಸೂಜಿಯಲ್ಲಿ ತೆಗೆದದ್ದು ಶಾವಿಗೆ ಎಳೆಯಷ್ಟಿರುತ್ತದೆ. ಅದನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡಿ 3-4 ಮೈಕ್ರಾನ್ ದಪ್ಪಕ್ಕೆ ಕತ್ತರಿಸುತ್ತೇವೆ. ಮೊದಲು ಕ್ಯಾನ್ಸರ್ ಹೌದಾ ಅಂತ ನೋಡಲು, ಆಮೇಲೆ ಯಾವ ಬಗೆ ಅಂತ, ವಾರ ಬಿಟ್ಟು ಇಜಿಎಫ್‌ಆರ್, ಮತ್ತೆ ಎಎಲ್‌ಕೆ, ಪಿಡಿ-ಎಲ್1, ಅಂದರೆ ಯಾವ ಔಷಧಿ ಹೊಂದುತ್ತೆ ಅಂತ ತಿಳಿಯುವ ಟೆಸ್ಟ್‌ಗಳು. ಪ್ರತಿ ಸಲ ಬ್ಲಾಕನ್ನು ಮೈಕ್ರೋಟೋಮ್‌ಗೆ (ತೆಳುವಾಗಿ ಕತ್ತರಿಸುವ ಯಂತ್ರ) ಏರಿಸಿದಾಗಲೂ ಮೇಲ್ಮೈ ಸಮ ಮಾಡಲು ಒಂದಿಷ್ಟು ಸುಮ್ನೆ ಹೋಗುತ್ತದೆ. ಕೊನೆಗೆ ಉಳಿಯುವುದು ಬರೀ ಮೇಣ. ಮೊನ್ನೆ ಒಂದು ಸ್ಯಾಂಪಲ್ ಬರೀ ಸಲೈನ್‌ನಲ್ಲೇ, ಅಂದರೆ ಉಪ್ಪುನೀರಲ್ಲಿ, ರಾತ್ರಿ ಕಳೆದು ಕೆಟ್ಟು ಬಂತು. ಅದರಲ್ಲಿ ಯಾವ ಡಿಎನ್‌ಎ ಹುಡುಕೋಣ ಹೇಳಿ?

ಡಾಕ್ಟರುಗಳಲ್ಲಿ ಕೋರಿಕೆ: ಬೇಕಾದ ಟೆಸ್ಟ್ ಎಲ್ಲ ಒಂದೇ ಸಲ ಬರೆಯಿರಿ, ಒಂದೇ ಸಲಕ್ಕೆ ಕತ್ತರಿಸಿ ಇಡುತ್ತೇವೆ. ತೆಗೆದ ಕೂಡಲೇ ತುಣುಕು ಕೆಡದಂತೆ ಇಡುವ ಫಾರ್ಮಲಿನ್ ದ್ರವಕ್ಕೆ ಹಾಕಿ, ಬಾಟಲಿ ಮೇಲೆ ಸಮಯ ಬರೆಯಿರಿ. ಇದು ಇವತ್ತಿನ ಚಿಕಿತ್ಸೆಗೂ ಬೇಕು, ಅಲ್ವಾ? ಮನೆಯವರೂ ಅಷ್ಟೇ, ರಿಪೋರ್ಟ್ ಜೊತೆ ಬ್ಲಾಕ್ ಎಲ್ಲಿದೆ ಎಂದು ಕೇಳಿ. ಬೇರೆ ಆಸ್ಪತ್ರೆಗೆ ಒಯ್ಯುವುದಾದರೆ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.

– ಹಿಸ್ಟೋಪೆಥಾಲಜಿ ಟೆಕ್ನಿಷಿಯನ್, ದಾವಣಗೆರೆ