ಮಗಳಿಗೊಂದು ಪತ್ರ: ಕೆರಿ ಒಂದು ಬಾಕಿ ಇದೆಯಲ್ಲ

ಪುಟ್ಟಿ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜ್ ಓದಿ ಮಲಗಿದೆ. ಬೆಳಗ್ಗೆ ಎದ್ದ ಮೇಲೂ ಅದೇ ತಲೆಯಲ್ಲಿತ್ತು. ಕಾಲೇಜಿನ ಗೆಳತಿಯರು ಮುಂದಿನ ತಿಂಗಳು ಕೆರಿ ಕೌಂಟಿಯ ಅತಿ ಎತ್ತರದ ಬೆಟ್ಟ ಕ್ಯಾರಂಟೂಹಿಲ್ ಹತ್ತಲು ಹೊರಟಿದ್ದಾರೆ, ನಿನ್ನನ್ನೂ ಕರೆದಿದ್ದಾರೆ, ನೀನು ಮಾತ್ರ ‘ಅದು ಅಮ್ಮನ ಜೊತೆಗೇ’ ಅಂತ ಬರಲ್ಲ ಎಂದಿದ್ದೀಯ. ಫೋನಿನಲ್ಲಿ ಹೇಳಲು ಹೋದರೆ ನನಗೆ ಅಳು ಬರುತ್ತದೆ, ನೀನು ಮಾತು ಬದಲಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಹೋಗು ಮಗಳೇ.

ಈ ಹುಚ್ಚು ಶುರುವಾದದ್ದು ನಿನಗೆ ಒಂಬತ್ತು ವರ್ಷ ಇದ್ದಾಗ. ನಮ್ಮ ಜಿಲ್ಲೆಗಳ ಹಾಗಿರುವ ಐರ್ಲೆಂಡಿನ 32 ಕೌಂಟಿಗಳಲ್ಲಿ, ಉತ್ತರ ಐರ್ಲೆಂಡಿನ ಆರನ್ನೂ ಸೇರಿಸಿ, ಪ್ರತಿಯೊಂದರ ಅತಿ ಎತ್ತರದ ಜಾಗಕ್ಕೆ ಹೋಗಿ ಬರುವವರಿದ್ದಾರೆ ಅಂತ ನೀನೇ ಎಲ್ಲೋ ಓದಿ ಬಂದೆ. ನಾವಿದ್ದದ್ದು ಡಬ್ಲಿನ್, ಹಾಗಾಗಿ ಮೊದಲು ಕಿಪ್ಪುರ್. 757 ಮೀಟರ್. ಮೇಲೆ ದೊಡ್ಡ ಟಿವಿ ಟವರ್, ಸುತ್ತ ಕಪ್ಪು ಜೌಗು. ನಿನ್ನ ಎಡಗಾಲಿನ ಬೂಟು ಕೆಸರಿನಲ್ಲಿ ಹೂತುಕೊಂಡು ಕಾಲು ಮಾತ್ರ ಮೇಲೆ ಬಂತು, ನೆನಪಿದೆಯಾ? ನಾನು ಮೊಣಕಾಲೂರಿ ಭುಜದವರೆಗೆ ಕೈ ಹಾಕಿ ಎಳೆದೆ. ಬೂಟು ಬಂತು, ಕಾಲುಚೀಲ ಅಲ್ಲೇ ಉಳಿಯಿತು. ನೀನು ಒಂದೇ ಕಾಲುಚೀಲದಲ್ಲಿ ಕಾರಿನವರೆಗೂ ನಡೆದೆ, ಅಳಲಿಲ್ಲ.

ಆಮೇಲೆ ವರ್ಷಕ್ಕೆ ಮೂರೋ ನಾಲ್ಕೋ. ಕೆಲವು ಬೆಟ್ಟ ಎರಡು ಕೌಂಟಿಯ ಗಡಿಯಲ್ಲೇ ಇವೆ, ಗಾಲ್ಟಿಮೋರ್ ಹತ್ತಿದರೆ ಲಿಮರಿಕ್‌ಗೂ ಆಯಿತು, ಟಿಪ್ಪರೆರಿಗೂ ಆಯಿತು. ಅಂಥವು ಸಿಕ್ಕಾಗ ನಿನಗೆ ಖುಷಿಯೋ ಖುಷಿ. ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಯಾರೂ ಕೇಳದ ಸಣ್ಣ ಗುಡ್ಡಗಳು. ವೆಸ್ಟ್‌ಮೀತ್‌ನ ಮುಲ್ಲಮೀನ್ ನೋಡು. ಬರೀ 258 ಮೀಟರ್, 32ರಲ್ಲಿ ಎಲ್ಲಕ್ಕಿಂತ ಕುಳ್ಳ. ಐರಿಶ್ ಭಾಷೆಯಲ್ಲಿ ಮುಲ್ಲಾಖ್ ಅಂದರೆ ಗುಡ್ಡದ ನೆತ್ತಿ ಅಂತ ಬೋರ್ಡಿನ ಮುಂದೆ ನಿಂತು ನೀನು ವಿವರಿಸಿದೆ. ‘ಹಾಗಾದ್ರೆ ಇವನು ನಿಮ್ಮೂರಿನ ಮುಳ್ಳಯ್ಯನಗಿರಿಯ ತಮ್ಮ’ ಅಂತಲೂ ನೀನೇ ಅಂದೆ. ಬೀಚ್ ಮರಗಳ ಕೆಳಗೆ, ಮಳೆಯಲ್ಲಿ, ಕೊಡೆ ಹಿಡಿದುಕೊಂಡೇ ಒಗ್ಗರಣೆ ಅವಲಕ್ಕಿ ತಿಂದೆವು. ಈ ದೇಶಕ್ಕೆ ಬಂದು ಆರು ವರ್ಷವಾಗಿತ್ತು. ಇಲ್ಲಿ ನಾವು ಅತಿಥಿಗಳು ಅನ್ನಿಸದ ಮೊದಲ ದಿನ ಅದು.

ಲಾಂಗ್‌ಫರ್ಡ್‌ನ ಕಾರ್ನ್ ಹಿಲ್ ಇಳಿದು ಚಹಾ ಕುಡಿಯಲು ಹೋದಾಗಲೂ ಹಾಗೇ. ಅಂಗಡಿಯಾಕೆ ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಎಂದರು. ನಿಮ್ಮ ಕೌಂಟಿಯ ಎತ್ತರದ ಜಾಗ ನೋಡಲು ಅಂತ ನೀನು ಹೇಳಿದ ಕೂಡಲೇ ಆಕೆಯ ಮುಖ ಅರಳಿತು, ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮ ಕಡೆ ‘ಯಾವ ಊರಾಯ್ತು’ ಅನ್ನುವ ಹಾಗೆ ಇಲ್ಲಿ ಕೌಂಟಿ ಕೇಳುತ್ತಾರಲ್ಲ, ಅಷ್ಟು ಅಭಿಮಾನ.

ಮೀತ್‌ನಲ್ಲಿ ಲಾಕ್‌ಕ್ರೂ. ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲುಗುಪ್ಪೆ ಸಮಾಧಿಗಳು. ಹಗಲು ರಾತ್ರಿ ಸಮ ಇರುವ ದಿನಗಳಲ್ಲಿ ಹುಟ್ಟುವ ಸೂರ್ಯನ ಬೆಳಕು ಅವುಗಳಲ್ಲೊಂದರ ಒಳಗೆ ನೇರ ಹೋಗಿ ಕೆತ್ತನೆಯ ಕಲ್ಲಿನ ಮೇಲೆ ಬೀಳುತ್ತದೆ. ಗೇಟು ಹಾಕಿತ್ತು, ಹೊರಗೇ ನಿಂತು ನೋಡಿದೆವು. ಒಬ್ಬ ಮಾಟಗಾತಿ ಅಜ್ಜಿ ಗುಡ್ಡದಿಂದ ಗುಡ್ಡಕ್ಕೆ ಹಾರುವಾಗ ಮಡಿಲಲ್ಲಿದ್ದ ಕಲ್ಲು ಉದುರಿ ಆ ಗುಪ್ಪೆಗಳಾದವಂತೆ. ಕ್ಯಾರಂಟೂಹಿಲ್‌ಗೆ ಹೋಗುವ ಕಣಿವೆಗೂ ಅಜ್ಜಿಯ ಹೆಸರೇ, ಹ್ಯಾಗ್ಸ್ ಗ್ಲೆನ್.

ಕ್ಯಾರಂಟೂಹಿಲ್‌ಗೆ ಹೋದ ಆ ದಿನದ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಸರಿಯಾಗಿ ಮಾತಾಡಿಲ್ಲ. ನಿನಗೆ ಹದಿಮೂರು. ಬೆಟ್ಟದ ಬುಡದ ಕ್ರೋನಿನ್ಸ್ ಯಾರ್ಡ್‌ನಿಂದ ಹೊರಟು, ಎರಡು ಕೆರೆಗಳ ನಡುವೆ ದಾಟಿ, ಡೆವಿಲ್ಸ್ ಲ್ಯಾಡರ್ ಅನ್ನುವ ಕಡಿದಾದ ಏರಿನ ಸಡಿಲ ಕಲ್ಲುಗಳ ಮೇಲೆ ಕೈಕಾಲು ಊರಿ ಹತ್ತಿದೆವು. ಮೇಲಿನ ಬಯಲಿಗೆ ಬಂದಾಗ ಮಂಜು ಕವಿಯಿತು. ನನ್ನ ಕೈ ನನಗೇ ಮಸುಕು. ಇನ್ನೂ 300 ಮೀಟರ್ ಏರು ಬಾಕಿ, ಒಂದು ಬದಿ ಪ್ರಪಾತ. ನೀನು ಹೋಗೋಣ ಎಂದೆ. ನಾನು ‘ಸುಮ್ನೆ ಬಾ’ ಎಂದು ಕೈ ಹಿಡಿದು ಎಳೆದೆ. ಡಬ್ಲಿನ್‌ವರೆಗೆ ನೀನು ಮಾತಾಡಲಿಲ್ಲ, ಅವಲಕ್ಕಿ ಡಬ್ಬಿ ಹಾಗೇ ವಾಪಸ್ ಬಂತು.

ತಿರುಗಿ ಬಂದದ್ದು ಸರಿ ಪುಟ್ಟಿ. ಇವತ್ತಾದರೂ ಹಾಗೇ ಮಾಡುತ್ತೇನೆ. ಆದರೆ ನನಗೆ ಭಯವಾಗಿದೆ, ದಾರಿ ಕಾಣುತ್ತಿಲ್ಲ ಅಂತ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ನಿನ್ನಿಂದಾಗಿ ವಾಪಸ್ ಬಂದೆವು ಅಂತ ನೀನು ಇಷ್ಟು ವರ್ಷ ಅಂದುಕೊಂಡಿದ್ದರೆ, ಅದು ಹಾಗಲ್ಲ. ನೀನು ಚೆನ್ನಾಗಿಯೇ ಹತ್ತಿದ್ದೆ.

ಈಗ ನನ್ನ ಬಲಗಾಲಿನ ಮಂಡಿ ಮೆಟ್ಟಿಲಿಗೇ ತಕರಾರು ಮಾಡುತ್ತದೆ. ಮುಳ್ಳಯ್ಯನಗಿರಿ 1,930 ಮೀಟರ್ ಇದ್ದರೂ ತುದಿಯ ಹತ್ತಿರದವರೆಗೆ ಗಾಡಿ ಹೋಗುತ್ತದೆ, ಆಮೇಲೆ ಮೆಟ್ಟಿಲು. ಕ್ಯಾರಂಟೂಹಿಲ್ 1,039 ಮೀಟರೇ, ಆದರೆ ತಗ್ಗಿನಿಂದಲೇ ಶುರು, ಪೂರ್ತಿ ಕಾಲಲ್ಲೇ ಹತ್ತಬೇಕು. ಡಾಕ್ಟರು ಬೇಡ ಎಂದಿದ್ದಾರೆ, ನನಗೂ ಗೊತ್ತು. ನನಗೋಸ್ಕರ ಅಂತ ನೀನು ಕಾಯುತ್ತಾ ಕೂತರೆ ನನಗೆ ಮಂಡಿ ನೋವಿಗಿಂತ ಅದೇ ಜಾಸ್ತಿ ನೋವು.

ಇಳಿಯುವಾಗ ಡೆವಿಲ್ಸ್ ಲ್ಯಾಡರ್ ಬೇಡ, ಅಲ್ಲಿ ಮೇಲಿನವರ ಕಾಲಿಗೆ ಸಿಕ್ಕ ಕಲ್ಲು ಕೆಳಗಿನವರ ಮೇಲೆ ಉರುಳುತ್ತದೆ. ಝಿಗ್‌ಝ್ಯಾಗ್ಸ್ ದಾರಿ ಸುತ್ತು, ಆದರೆ ವಾಸಿ. ಕಾಗದದ ನಕ್ಷೆ, ದಿಕ್ಸೂಚಿ, ಟಾರ್ಚ್ ಮೂರೂ ಇರಲಿ. ಏನಾದರೂ ಆದರೆ 112ಕ್ಕೆ ಮಾಡಿ ಮೌಂಟನ್ ರೆಸ್ಕ್ಯೂ ಕೇಳು. ರೈತರ ಜಮೀನು, ನೀವು ತೆರೆದ ಗೇಟು ಮತ್ತೆ ಮುಚ್ಚಿ ಬನ್ನಿ. ಮಂಜು ಕವಿದರೆ ಗೆಳತಿಯರಿಗೆ ಬಾಯಿಬಿಟ್ಟು ಹೇಳು, ವಾಪಸ್ ಬನ್ನಿ.

ಶನಿವಾರದ ರೈಲಿಗೆ ಕಾರ್ಕ್‌ಗೆ ಬರುತ್ತೇನೆ. ನಿನ್ನ ಬೂಟು ಇಲ್ಲೇ ಇದೆಯಲ್ಲ, ತೊಳೆದು, ಒಣಗಿಸಿ, ಮೇಣ ಹಚ್ಚಿದ್ದೇನೆ. ಎಡಗಾಲಿನದಕ್ಕೆ ಹೊಸ ಲೇಸ್ ಹಾಕಿದ್ದೇನೆ. ಕಾಲುಚೀಲ ಎರಡು ಜೊತೆ ಇಟ್ಟಿದ್ದೇನೆ.

ನಿನ್ನ
ಅಮ್ಮ